ಬೀಗಿತ್ತಿಗೆ ಬರೆದುಕೊಟ್ಟ ಸಾವೊ ಪಾಲೊ

ಫೆಬ್ರವರಿ 9, 2025, ಭಾನುವಾರ, ಹಾರ್ಬೋರ್ನ್

ಬೀಗಿತ್ತಿ ಶಾರದಮ್ಮನವರಿಗೆ ನನ್ನ ನೆನಪಾಗಿದೆಯಂತೆ! ಮಗಳು ತನ್ವಿ ಕೊವೆಂಟ್ರಿಯಿಂದ ಫೋನ್ ಮಾಡಿ ಹೇಳಿದಳು. ನಾನು ಬಂಗುಡೆ ತೊಳೆಯುತ್ತಿದ್ದೆ, ಸ್ಪೀಕರ್ ಹಾಕಿದ್ದೆ.

"ಅಮ್ಮ, ಅತ್ತೆ ಮಾವ ಮಾರ್ಚಲ್ಲಿ ಸಾವೊ ಪಾಲೊಗೆ ಹೋಗ್ತಿದ್ದಾರೆ. ಮಾವನಿಗೆ ಅಲ್ಲಿ ಯೂನಿವರ್ಸಿಟಿಯಲ್ಲಿ ಕಾನ್ಫರೆನ್ಸ್. ಅವ್ರು ದಿನವಿಡೀ ಅಲ್ಲೇ ಇರ್ತಾರೆ, ಅತ್ತೆ ಒಬ್ಬರೇ. ಏನೇನು ನೋಡ್ಬೇಕು, ಎಲ್ಲಿ ತಿನ್ಬೇಕು, ಒಂದು ಲಿಸ್ಟ್ ಬರೆದು ಕೊಡ್ತೀಯಾ?"

"ಅವರೇ ಕೇಳಿದ್ದಾ?"

"ಹೂಂ. ನಿಮ್ಮಮ್ಮಂಗೆ ಆ ಊರು ಚೆನ್ನಾಗಿ ಗೊತ್ತಲ್ವಾ ಅಂದ್ರು."

ಗೊತ್ತಿಲ್ಲದೆ ಏನು! ನನ್ನ ಗಂಡ ಭೋಜರ ಕಾರು ಕಂಪನಿ ಅವರನ್ನು ಅಲ್ಲಿಗೆ ಕಳಿಸಿದಾಗ ನಾಲ್ಕು ವರ್ಷ ಸಂಸಾರ ಮಾಡಿದ ಊರು. ತನ್ವಿ ಆಗ ಓದಿಗೆಂದು ಇಲ್ಲೇ ನನ್ನ ತಮ್ಮನ ಮನೆಯಲ್ಲಿದ್ದಳು. ಎರಡು ಸಲ ರಜೆಗೆ ಬಂದು ಹೋದವಳಿಗೆ ಊರಿನ ತಲೆಬುಡ ತಿಳಿಯದು.

ಈ ಶಾರದಮ್ಮ ನನಗೆ ಮಾಡಿದ್ದನ್ನು ನಾನು ಮರೆತಿದ್ದೇನೆ ಎಂದುಕೊಂಡಿದ್ದಾರೋ ಏನೋ. ಹೋದ ವರ್ಷ ಇದೇ ಫೆಬ್ರವರಿಯಲ್ಲಿ ಲೆಸ್ಟರಿನ ಹಾಲ್‌ನಲ್ಲಿ ತನ್ವಿಯ ಮದುವೆ. ಧಾರೆಗೆ ಹತ್ತು ನಿಮಿಷ ಇರುವಾಗ ನನ್ನ ಮೊಣಕೈ ಹಿಡಿದು ನಗುನಗುತ್ತಲೇ ಹೇಳಿದರು: "ಚಿತ್ರಾಕ್ಷಿಯವ್ರೇ, ತಪ್ಪು ತಿಳ್ಕೋಬೇಡಿ. ಶಾಸ್ತ್ರ ನೋಡಿ. ಧಾರೆ ಮುಗಿಯೋ ತನಕ ನೀವು ಸ್ವಲ್ಪ ಹಿಂದ್ಗಡೆ ಕೂತ್ಕೊಂಡ್ರೆ ಒಳ್ಳೇದು." ಭೋಜ ಹೋಗಿ ಆಗ ಮೂರು ವರ್ಷ. ಗಂಡನಿಲ್ಲದವಳು ಮಂಟಪದ ಹತ್ತಿರ ಬರಬಾರದು ಎಂದು ಅದರ ಅರ್ಥ. ನನ್ನ ಮಗಳನ್ನು ನನ್ನ ತಮ್ಮ, ಅವನ ಹೆಂಡತಿ ಧಾರೆ ಎರೆದರು. ನಾನು ಕೊನೆಯ ಸಾಲಿನಲ್ಲಿ, ಜನ ಬಿಟ್ಟ ಚಪ್ಪಲಿಗಳ ಪಕ್ಕದಲ್ಲಿ ಕೂತು ನೋಡಿದೆ. ನಮ್ಮ ತುಳುನಾಡಿನಲ್ಲಿ ಮನೆಯೇ ತಾಯಿಯ ಹೆಸರಿನದ್ದು. ಅಂಥ ಮನೆಯ ಹೆಣ್ಣನ್ನು ಚಪ್ಪಲಿಗಳ ಪಕ್ಕ!

ತನ್ವಿ ತಲೆ ತಗ್ಗಿಸಿ ನಿಂತಿದ್ದಳು. ಧಾರೆಯ ಹೊತ್ತಿಗೆ ಮದುಮಗಳು ತಲೆ ತಗ್ಗಿಸುವುದು ವಾಡಿಕೆಯೇ. ಅದಕ್ಕೇ ಇರಬೇಕು.

ಈಗ ಅವಳು ಬಸುರಿ. ಏಪ್ರಿಲ್ ಹನ್ನೆರಡಕ್ಕೆ ಸೀಮಂತ, ಅದೂ ಲೆಸ್ಟರಿನಲ್ಲಿ ಅವರ ಮನೆಯಲ್ಲಿ. ಐದು ಜನ ಮುತ್ತೈದೆಯರು ಮಡಿಲು ತುಂಬಬೇಕಂತೆ. ನನ್ನ ಮಗಳ ಮಡಿಲಿಗೆ ಒಂದು ಹಿಡಿ ಅಕ್ಕಿ ಹಾಕುವ ಯೋಗ್ಯತೆ ನನಗಿಲ್ಲ ಎಂದಾಯಿತು. ಆ ಮಾತನ್ನು ತನ್ವಿ ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ.

ಲಿಸ್ಟ್ ಕೊಡ್ತೇನೆ ಎಂದೆ. ಅವಳಿಗೇ ಆಶ್ಚರ್ಯ. ಕೊಡುತ್ತೇನೆ ಮಾರಾಯ್ತಿ. ನಿನ್ನ ಅತ್ತೆ ಜನ್ಮದಲ್ಲಿ ಮರೆಯದಂಥ ಲಿಸ್ಟ್ ಕೊಡುತ್ತೇನೆ.

ಫೆಬ್ರವರಿ 10, ಸೋಮವಾರ

ಬಸ್ಸಿನಲ್ಲಿ ಕೂತೇ ಅರ್ಧ ಪಟ್ಟಿ ಮುಗಿಸಿದೆ. ಇಷ್ಟು ಖುಷಿಯಾಗಿ ಕೆಲಸಕ್ಕೆ ಹೋಗಿ ಎಷ್ಟು ದಿನವಾಗಿತ್ತೋ.

ಸೋಮವಾರ: ಪೌಲಿಸ್ತಾ ರಸ್ತೆಯ ಕೆಂಪು ಕಂಬಗಳ ಮೇಲೆ ನಿಂತ ದೊಡ್ಡ ಚಿತ್ರಶಾಲೆ. ಸೋಮವಾರ ಅದು ಬಾಗಿಲು ಹಾಕಿರುತ್ತದೆ. ಹೋಗಿ ಕಂಬ ನೋಡಿಕೊಂಡು ಬರಲಿ.

ಭಾನುವಾರ: ಅದೇ ರಸ್ತೆಗೆ ಟ್ಯಾಕ್ಸಿಯಲ್ಲಿ. ಭಾನುವಾರ ಅಲ್ಲಿ ಕಾರು ಬಿಡುವುದೇ ಇಲ್ಲ. ಮೊಣಕಾಲು ನೋವಿನವರು, ನಡೆಯಲಿ.

ಮಧ್ಯಾಹ್ನದ ಊಟ: ದೊಡ್ಡ ಮಾರ್ಕೆಟ್ಟಿನ ಒಳಗೆ. ಗೇಣುದ್ದದ ಮಾಂಸದ ಸ್ಯಾಂಡ್‌ವಿಚ್ಚಿಗೆ ಹೆಸರಾದ ಜಾಗ. ನಮ್ಮ ಮನೆಗೆ ಬಂದಾಗ ಮೀನಿನ ವಾಸನೆಗೆ ಸೆರಗು ಮೂಗಿಗೆ ಹಿಡಿದಿದ್ದರಲ್ಲ, ಅಲ್ಲಿ ಎಂತದ್ದು ಹಿಡಿಯುತ್ತಾರೆ ನೋಡುವ.

ಇಬಿರಾಪುಯೆರಾ ಪಾರ್ಕ್: ಮಧ್ಯಾಹ್ನ ನಾಲ್ಕಕ್ಕೆ, ಕೊಡೆ ಇಲ್ಲದೆ. ಮಾರ್ಚಿನಲ್ಲಿ ಆ ಹೊತ್ತಿಗೆ ಆಕಾಶ ಹರಿದು ಸುರಿಯುತ್ತದೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಫೆಬ್ರವರಿ 15, ಶನಿವಾರ

ಚೆಂದಕ್ಕೆ ನಕಲು ಮಾಡೋಣ ಎಂದು ಕೂತರೆ ತಲೆಬಿಸಿಯಾಯಿತು. ಚಿತ್ರಶಾಲೆ ಮುಚ್ಚಿದ್ದು ಕಂಡರೆ ಶಾರದಮ್ಮ ಸುಮ್ಮನಿರುವವರಲ್ಲ. ಲೆಸ್ಟರಿಗೆ ಬಂದು ಇಡೀ ಕನ್ನಡ ಬಳಗದ ಎದುರು, "ಅಯ್ಯೋ, ಅದೇನು ಊರು ರೀ, ನೋಡೋಕೇನಿದೆ ಅಲ್ಲಿ?" ಎನ್ನುತ್ತಾರೆ. ಅದನ್ನು ನಾನು ಕೇಳಬೇಕಾ? ನನ್ನ ಊರಿಗೆ ಈ ಹೆಂಗಸಿನಿಂದ ಕೆಟ್ಟ ಹೆಸರೇ?

ಆದ್ದರಿಂದ ಚಿತ್ರಶಾಲೆಯನ್ನು ಮಂಗಳವಾರಕ್ಕೆ ಹಾಕಿದೆ. ಆವತ್ತು ಟಿಕೆಟ್ಟೂ ಇಲ್ಲ. ಇದು ದಯೆ ಅಲ್ಲ, ಊರಿನ ಮರ್ಯಾದೆ.

ಪೌಲಿಸ್ತಾಕ್ಕೂ ಹಾಗೇ ಬರೆದೆ: ಭಾನುವಾರ ಹತ್ತರ ಮೇಲೆ ಹೋಗಿ, ರಸ್ತೆಯುದ್ದಕ್ಕೂ ಕೂರಲು ಜಾಗ ಉಂಟು, ಹಾಡುವವರು, ಕುಣಿಯುವವರು, ನಾಯಿ ಕರೆದುಕೊಂಡು ಬರುವ ಅಜ್ಜಂದಿರು. ಆ ರಸ್ತೆಯಲ್ಲಿ ಕಾಲೆಳೆದುಕೊಂಡು ನಡೆದು ಊರನ್ನು ಬೈದರೆ ನನಗೇ ನಷ್ಟ. ಮಾರ್ಕೆಟ್ಟಿನಲ್ಲಿ ಸ್ಯಾಂಡ್‌ವಿಚ್ ಅಂಗಡಿ ಬಿಟ್ಟು ಹಣ್ಣಿನ ಸಾಲಿಗೆ ಕಳಿಸಿದೆ. ಅಲ್ಲಿ ಗೇರುಹಣ್ಣಿನ ರಸ ಸಿಗುತ್ತದೆ. ಪುತ್ತೂರಿನಲ್ಲಿ ನಾವು ಬೀಜ ತೆಗೆದು ಹಣ್ಣು ಎಸೆಯುತ್ತಿದ್ದೆವು. ಅಲ್ಲಿ ಅದನ್ನೇ ಗಾಜಿನ ಲೋಟದಲ್ಲಿ ಕೊಡುತ್ತಾರೆ. ಮೊದಲ ಸಲ ಕುಡಿದಾಗ ಭೋಜ, "ಗೇರು ಈ ಊರಿಂದ ನಮ್ಮೂರಿಗೆ ಬಂದದ್ದು ಮಾರಾಯ್ತಿ, ನಾವು ನೆಂಟರ ಮನೆಗೇ ಬಂದದ್ದು," ಎಂದಿದ್ದರು.

ಪಾರ್ಕಿಗೆ ಬೆಳಗ್ಗೆ ಹೋಗಿ ಎಂದು ತಿದ್ದಿದೆ. ಈಗ ಪಟ್ಟಿಯಲ್ಲಿ ವಿಷ ಎಲ್ಲುಂಟು ಎಂದು ಹುಡುಕಬೇಕು. ಹೊಸದಾಗಿ ಯೋಚಿಸಬೇಕು.

ಫೆಬ್ರವರಿ 19, ಬುಧವಾರ

ಸಿಕ್ಕಿತು! ಕೆಲಸದ ಮೇಜಿನಲ್ಲೇ ಇತ್ತು, ಕಂಡಿರಲಿಲ್ಲ.

ನನ್ನ ಕೆಲಸ ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದ ರಿಸೆಪ್ಶನ್ನಿನಲ್ಲಿ. ಬಂದವರ ಹೆಸರು ಬರೆದುಕೊಳ್ಳುವುದು, ಮೈಮೇಲಿನ ಲೋಹವೆಲ್ಲ ತೆಗೆಸುವುದು. ಆ ಯಂತ್ರದೊಳಗೆ ಬಳೆ, ಸರ ಏನೂ ಹೋಗಬಾರದು. ಇವತ್ತು ಸಿದ್ದವ್ವ ಅಂತ ಒಬ್ಬರು ಬಂದರು, ಧಾರವಾಡದ ಕಡೆಯವರು, ಮಗನ ಮನೆಗೆ ಬಂದವರು. ತಾಳಿ ಮುಷ್ಟಿಯಲ್ಲಿ ಹಿಡಿದುಕೊಂಡು ಅಳು.

"ನಾ ಇದನ್ನ ತೆಗ್ಯಾಂಗಿಲ್ರೀ ಯವ್ವಾ. ನಲವತ್ತ್ ವರ್ಷ ಆತು, ಒಮ್ಮೆನೂ ತೆಗದಿಲ್ಲ. ಅವ್ರಿಗೆ ಏನರ ಆದ್ರ?"

ಇಂಥವರು ತಿಂಗಳಿಗೆ ಇಬ್ಬರಾದರೂ ಬರುತ್ತಾರೆ. ಅದಕ್ಕೇ ನನ್ನ ಡ್ರಾಯರಿನಲ್ಲಿ ಹಳದಿ ದಾರದ ಉಂಡೆ, ಒಣ ಅರಿಶಿನ ಕೊಂಬು ಇಟ್ಟಿರುತ್ತೇನೆ. ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ. "ಹೆದರ್ಬೇಡಿ ಅಮ್ಮ. ದಾರಕ್ಕೆ ಒಂದು ಅರಿಶಿನ ಕೊಂಬು ಕಟ್ಟಿ ಹಾಕ್ಕೊಳ್ಳಿ. ಕೊರಳು ಬರಿದಾಗುದಿಲ್ಲ." ಕಟ್ಟಿಯೂ ಕೊಟ್ಟೆ. ಕಣ್ಣೊರೆಸಿಕೊಂಡು ಒಳಗೆ ಹೋದರು.

ಅವರು ಹೋದ ಮೇಲೆ ಹೊಳೆಯಿತು. ಸಾವೊ ಪಾಲೊದಲ್ಲಿ ಚಿನ್ನ ಹಾಕಿಕೊಂಡು ತಿರುಗಬಾರದು, ಎಳೆದುಕೊಂಡು ಓಡುತ್ತಾರೆ. ಇದು ಸುಳ್ಳಲ್ಲ, ಯಾರನ್ನು ಕೇಳಿದರೂ ಇದೇ ಹೇಳುತ್ತಾರೆ. ಹಾಗಾದರೆ ನಾನು ಸುಳ್ಳು ಯಾಕೆ ಬರೆಯಬೇಕು? ಸತ್ಯವನ್ನೇ ಬರೆಯುತ್ತೇನೆ. ಪಟ್ಟಿಯ ತಲೆಯಲ್ಲೇ, ದಪ್ಪ ಅಕ್ಷರದಲ್ಲಿ: "ಹೋಟೆಲಿನಿಂದ ಹೊರಗೆ ಕಾಲಿಡುವ ಮೊದಲು ಮೈಮೇಲಿನ ಚಿನ್ನವೆಲ್ಲ ತೆಗೆದಿಡಿ. ತಾಳಿಯನ್ನೂ. ಬಟ್ಟೆಯೊಳಗೆ ಮುಚ್ಚಿಕೊಂಡರೂ ಸರದ ಅಂಚು ಕಾಣುತ್ತದೆ."

ತಾಳಿಯಿಲ್ಲದ ಕೊರಳೆಂದು ನನ್ನನ್ನು ಹಿಂದೆ ಕೂರಿಸಿದ ಹೆಂಗಸು ತನ್ನ ಕೈಯಾರೆ ತಾಳಿ ಬಿಚ್ಚಬೇಕು. ಬಿಚ್ಚದಿದ್ದರೆ ಎಂಟು ದಿನ ಹೋಟೆಲಿನಲ್ಲೇ ಕೊಳೆಯಬೇಕು. ಎರಡೂ ನನಗೆ ಒಪ್ಪಿಗೆ!

ಫೆಬ್ರವರಿ 23, ಭಾನುವಾರ

ಪಟ್ಟಿ ಮುಗಿಯಿತು. ಎಂಟು ಪುಟ. ಒಂದು ಪುಟ ಸಾಕಿತ್ತು, ಆದರೆ ಬರೆಯುತ್ತಾ ಹೋದ ಹಾಗೆ ಒಂದೊಂದೇ ನೆನಪಾಯಿತು. ವಾರದ ಸಂತೆಯಲ್ಲಿ ಕಬ್ಬಿನ ಹಾಲಿನ ಜೊತೆ ಬಿಸಿ ಬಿಸಿ ಪಾಸ್ತೆಲ್, ಅಲ್ಲಿಯ ಕರಿಗಡುಬು, ತಿನ್ನಬೇಕು. ಚೀಸ್ ತುಂಬಿದ್ದನ್ನು ಕೇಳಿದರೆ ಅವರಿಗೂ ಆಗುತ್ತದೆ. ಮಾಂಸ, ಕೋಳಿ, ಮೀನು ಬೇಡ ಎಂದು ಪೋರ್ಚುಗೀಸಿನಲ್ಲಿ ಬರೆದ ಒಂದು ಚೀಟಿಯನ್ನೂ ಇಟ್ಟೆ, ಅಂಗಡಿಯವರಿಗೆ ತೋರಿಸಲು. ಇಬಿರಾಪುಯೆರಾ ಕೆರೆಯ ಹತ್ತಿರ ಹಲಸಿನ ಮರದ ಕೆಳಗೊಂದು ಬೆಂಚು. ಭೋಜ ಅಲ್ಲಿ ಕೂತು ಪೇಪರ್ ಓದುವ ನಾಟಕ ಮಾಡುತ್ತಾ ನಿದ್ದೆ ಮಾಡುತ್ತಿದ್ದರು. ಬೆಂಚಿನ ಗುರುತನ್ನೂ ಬರೆದಿದ್ದೇನೆ. ಯಾಕೆ ಬರೆದೆನೋ. ಅಳಿಸಲು ಹೋದರೆ ಪುಟ ಹಾಳಾಗುತ್ತದೆ, ಇರಲಿ.

ಒಂದು ಮಾತ್ರ ಬರೆಯಲಿಲ್ಲ. ನಾವು ಹೋದ ಮೊದಲ ವಾರ ಪಕ್ಕದ ಮನೆಯ ಮುದುಕಿ ನನ್ನ ಕರಿಮಣಿ ನೋಡಿ ಕೈ ಸನ್ನೆಯಲ್ಲೇ ತೆಗಿ ತೆಗಿ ಎಂದಿದ್ದಳು. ಆ ಶನಿವಾರ ಭೋಜ ಜಪಾನಿನವರ ಪೇಟೆ ಲಿಬೆರ್ದಾಜಿಗೆ ಹೋಗಿ ಅರಿಶಿನ ಕೊಂಬು ತಂದು ದಾರಕ್ಕೆ ಕಟ್ಟಿ ನನ್ನ ಕೊರಳಿಗೆ ಹಾಕಿದರು. "ಇನ್ನೊಂದು ಮದುವೆ ಆಯ್ತು ನೋಡು, ಊಟ ಮಾತ್ರ ಇಲ್ಲ," ಎಂದು ನಕ್ಕರು. ನಾಲ್ಕು ವರ್ಷ ಅದೇ. ದಾರ ಹರಿದಾಗಲೆಲ್ಲ ಅವರೇ ಹೊಸತು ಕಟ್ಟುತ್ತಿದ್ದರು. ಸ್ಕ್ಯಾನಿಂಗಿಗೆ ಬರುವ ಹೆಂಗಸರಿಗೆ ನಾನು ಹೇಳುವುದು ಅಲ್ಲಿ ಕಲಿತದ್ದನ್ನೇ.

ಅದನ್ನು ಶಾರದಮ್ಮನಿಗೆ ಹೇಳುವುದಿಲ್ಲ. ಯಾರಿಗೆ ಬೇಕಾದರೂ ಕೊಡುತ್ತೇನೆ, ಅವರಿಗೆ ಇಲ್ಲ. ಆ ಅರಿಶಿನ ಕೊಂಬೇ ನನ್ನ ಸೇಡು.

ಪಟ್ಟಿ ಪೋಸ್ಟ್ ಮಾಡಿದೆ.

ಮಾರ್ಚ್ 2, ಭಾನುವಾರ

ತನ್ವಿ ಬಂದಿದ್ದಳು, ಹೊಟ್ಟೆ ಚೆನ್ನಾಗಿ ಕಾಣುತ್ತದೆ. ಪಟ್ಟಿ ಓದಿ ಅತ್ತೆ, "ಏನ್ ಚೆನ್ನಾಗಿ ಬರೀತಾರಮ್ಮ ನಿಮ್ಮಮ್ಮ," ಎಂದರಂತೆ. ತಾಳಿಯ ಸಾಲಿಗೆ ಏನೂ ಹೇಳಲಿಲ್ಲವಂತೆ. ಗಂಟಲಿಗೆ ಮುಳ್ಳು ಸಿಕ್ಕಿದವರು ಮಾತಾಡುವುದು ಹೇಗೆ?

ಹೋಗುವಾಗ ಬಾಗಿಲಲ್ಲಿ ನಿಂತು, "ಅಮ್ಮ, ಸೀಮಂತದ ದಿನ..." ಎಂದಳು. ನಾನು ಕುಕ್ಕರ್ ಕೂಗಿತು ಎಂದು ಒಳಗೆ ಹೋದೆ. ಕುಕ್ಕರ್ ಕೂಗಿರಲಿಲ್ಲ.

ಸಿಟ್ಟು ಶಾರದಮ್ಮನ ಮೇಲೆ ಮಾತ್ರ. ತನ್ವಿಯ ಮೇಲೆ ಇಲ್ಲ. ಇಲ್ಲವೇ ಇಲ್ಲ.

ಮಾರ್ಚ್ 17, ಸೋಮವಾರ

ಹೋಗಿ ಎರಡು ದಿನವಾಯಿತು. ತನ್ವಿಯ ವರದಿ: ಅತ್ತೆ ಹೋಟೆಲಿನಿಂದ ಕೆಳಗಿಳಿದಿಲ್ಲ. ತಾಳಿ ತೆಗೆಯುವ ಮಾತೇ ಇಲ್ಲ, ಹಾಕಿಕೊಂಡು ಹೋಗಲು ಭಯ. ನಿನ್ನೆಯ ಭಾನುವಾರ ಹಾಗೇ ಹೋಯಿತು. ಇವತ್ತು ಮಾವ ಬೆಳಗ್ಗೆ ಹೋದರೆ ಬರುವುದು ಸಂಜೆ. ಕೋಣೆಯಲ್ಲಿ ಕೂತು ತಿಳಿಯದ ಭಾಷೆಯ ಟಿವಿ.

ರಾತ್ರಿ ಊಟಕ್ಕೆ ನೀರುದೋಸೆ, ಕೋಳಿ ಸುಕ್ಕ. ಒಬ್ಬಳಿಗೇ ಹಬ್ಬ.

ಮಾರ್ಚ್ 18, ಮಂಗಳವಾರ

ಇನ್ನೂ ಕೋಣೆಯಲ್ಲೇ. ಇವತ್ತು ಚಿತ್ರಶಾಲೆಯ ದಿನ, ಟಿಕೆಟ್ ಇಲ್ಲ. ಹೋಟೆಲಿನಿಂದ ಐದು ನಿಮಿಷದ ದಾರಿ!

ಸಾವೊ ಪಾಲೊಗೆ ಹೋಗಿ ಕಿಟಕಿಯಿಂದ ಇಣುಕುವುದೇ? ಮೂರ್ಖ ಹೆಂಗಸು. ಎಂಟು ಪುಟ ಬರೆದ ನನ್ನ ಬೆರಳಿಗಾದರೂ ಮರ್ಯಾದೆ ಬೇಡವಾ? ನಿನ್ನೆಯ ಸುಕ್ಕ ಹೊಟ್ಟೆಗೆ ಆಗಲಿಲ್ಲ, ಎದೆಯುರಿ.

ಮಾರ್ಚ್ 19, ಬುಧವಾರ

ಎಂಥ ಹೆಡ್ಡಿ ನಾನು! ಎಂಥ ಹೆಡ್ಡಿ!

ಮಧ್ಯಾಹ್ನ ಮೂರಕ್ಕೆ ಫೋನ್ ಬಂತು. ಮೇಜಿನೆದುರು ಜನ ಇರಲಿಲ್ಲ, ಎತ್ತಿದೆ. ಶಾರದಮ್ಮ. ಮದುವೆಯಾದ ಮೇಲೆ ಮೊದಲ ಸಲ ನೇರ ನನಗೇ.

"ಚಿತ್ರಾಕ್ಷಿಯವ್ರೇ, ನಾನ್ರೀ. ನಾಲ್ಕ್ ದಿನ ಆಯ್ತು, ಹೊರಗೆ ಹೋಗೇ ಇಲ್ಲ. ನಿಮ್ ಪಟ್ಟಿ ದಿನಾ ಓದ್ತೀನಿ. ಆ ಹಲಸಿನ ಮರದ ಬೆಂಚು, ಕಬ್ಬಿನ ಹಾಲು... ಎಲ್ಲ ಬಾಯಿಪಾಠ ಆಗಿದೆ. ಇದನ್ನ ತೆಗೆಯೋಕೆ ಕೈ ಬರ್ತಿಲ್ಲ ಕಣ್ರೀ. ಇವ್ರಿಗೆ ಹೋದ ವರ್ಷ ಎದೆನೋವು ಬಂದಿತ್ತು. ಯಾರಿಗೂ ಹೇಳಿಲ್ಲ. ತೆಗೆದ್ರೆ ಏನಾದ್ರೂ ಆದೀತು ಅಂತ..."

ಅತ್ತರು. ಶಾರದಮ್ಮ ಅತ್ತರು. ಇದಕ್ಕಾಗಿ ನಾನು ಒಂದು ವರ್ಷ ಕಾದಿದ್ದೆ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು: ಹೌದಾ, ಹಾಗಾದರೆ ಶಾಸ್ತ್ರ ನೋಡಿ, ಸ್ವಲ್ಪ ಒಳಗಡೆಯೇ ಕೂತುಕೊಳ್ಳಿ. ಕನ್ನಡಿಯೆದುರು ಎಷ್ಟು ಸಲ ಅಂದು ನೋಡಿದ್ದೆ!

ಬಾಯಿ ತೆರೆದರೆ ಬಂದದ್ದು ಬೇರೆ. "ಹೆದರ್ಬೇಡಿ ಅಮ್ಮ. ದಾರಕ್ಕೆ ಒಂದು ಅರಿಶಿನ ಕೊಂಬು ಕಟ್ಟಿ ಹಾಕ್ಕೊಳ್ಳಿ. ಕೊರಳು ಬರಿದಾಗುದಿಲ್ಲ."

ಮೇಜಿನ ಹಿಂದೆ ಕೂತು ಹೆಂಗಸೊಬ್ಬಳು ಅಳುವುದು ಕೇಳಿದರೆ ಈ ಬಾಯಿ ಇದನ್ನೇ ಹೇಳುತ್ತದೆ. ಆರು ವರ್ಷದ ಅಭ್ಯಾಸ. ನನ್ನದೇನೂ ತಪ್ಪಿಲ್ಲ.

ಆಚೆಯಿಂದ ಮೂಗು ಒರೆಸಿಕೊಂಡ ಸದ್ದು. "ಹೌದಲ್ವಾ! ನಂಗೆ ಹೊಳೀಲೇ ಇಲ್ಲ ನೋಡಿ. ಆದ್ರೆ ಇಲ್ಲಿ ಅರಿಶಿನ ಕೊಂಬು ಎಲ್ಲಿ ಸಿಗುತ್ತೆ?"

ಇಲ್ಲಾದರೂ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಲಿಬೆರ್ದಾಜಿಯ ಚೌಕ, ಮೆಟ್ರೋ ಹತ್ತಿ ಮೇಲೆ ಬಂದ ಕೂಡಲೆ ಸಾಲು ಅಂಗಡಿ, ಕುರ್ಕುಮಾ ಅಂತ ಕೇಳಿ, ಸಂಜೆ ನಿಮ್ಮ ಯಜಮಾನರನ್ನೇ ಕಳಿಸಿ ತರಿಸಿ, ಅವರ ಕೈಯಲ್ಲೇ ಕಟ್ಟಿಸಿಕೊಳ್ಳಿ, ಎಲ್ಲ ಹೇಳಿದೆ. ಕಡೆಗೆ ದಾರವನ್ನು ಎರಡು ಎಳೆ ಮಾಡಿ, ಒಂದೆಳೆ ಬೆವರಿಗೆ ಹರಿಯುತ್ತದೆ ಎಂದೂ ಹೇಳಿದೆ.

ಸೀಮಂತದ ಮಾತು ಎತ್ತಬಹುದಿತ್ತಲ್ಲ! ಅರಿಶಿನ ಕೊಂಬು ಬೇಕಾ, ಹಾಗಾದರೆ ನನ್ನ ಮಗಳ ಮಡಿಲು ನಾನು ತುಂಬಬೇಕು, ಎನ್ನಬಹುದಿತ್ತಲ್ಲ! ಫೋನ್ ಇಟ್ಟ ಮೇಲೆ ಹೊಳೆಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಭೋಜ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮಾರ್ಚ್ 21, ಶುಕ್ರವಾರ

ಫೋಟೋ ಬಂದಿದೆ. ಆ ಬೆಂಚಿನ ಮೇಲೆ ಶಾರದಮ್ಮ, ಕೊರಳಲ್ಲಿ ಹಳದಿ ದಾರ. ಹಲಸಿನ ಮರ ಇನ್ನೂ ಉಂಟು, ದಪ್ಪವಾಗಿದೆ. ಕೆಳಗೆ ಬರೆದಿದ್ದಾರೆ:

"ಇವ್ರೇ ಕಟ್ಟಿದ್ರು. ಮೂವತ್ತಾರು ವರ್ಷದ ಮೇಲೆ ಇನ್ನೊಂದ್ಸಲ. ತಾಳಿ ಬಿಚ್ಚಿ ದಾರ ಕಟ್ಟೋ ಹೊತ್ತಿಗೆ ಐದು ನಿಮಿಷ ಕೊರಳು ಬರಿದಾಗಿತ್ತು. ಕನ್ನಡಿ ನೋಡ್ಕೊಂಡೆ. ನಿಮ್ಮ ನೆನಪಾಯ್ತು."

ನೋಡಿ ಸೊಕ್ಕು! ಬರಿ ಕೊರಳು ಕಂಡರೆ ನಾನೇ ನೆನಪಾಗಬೇಕಾ?

ಫೋಟೋವನ್ನು ದೊಡ್ಡದು ಮಾಡಿ ಮರ ನೋಡಿದೆ. ಬೆಂಚಿನ ಬಣ್ಣ ಬದಲಾಗಿದೆ, ಜಾಗ ಅದೇ. ನಾಲ್ಕೈದು ಸಲ ನೋಡಿದೆ.

ಏಪ್ರಿಲ್ 11, ಶುಕ್ರವಾರ

ನಾಳೆ. ನಿರ್ಧಾರ ಮಾಡಿಯಾಗಿದೆ. ಅವರು ಹಿಂದೆ ಕೂರಿ ಎನ್ನುವ ಮೊದಲು ನಾನೇ ಹೋಗಿ ಕೊನೆಗೆ ಕೂರುತ್ತೇನೆ. ಎಬ್ಬಿಸುವ ಸುಖ ಅವರಿಗೆ ಕೊಡುವುದಿಲ್ಲ. ಊಟ ಮಾಡುವುದಿಲ್ಲ, ನಾಲ್ಕೂವರೆಯ ರೈಲಿಗೆ ವಾಪಸ್. ಆದರೂ ಮಡಿಲಿಗೆ ಬೇಕಾದ ಅಕ್ಕಿ, ತೆಂಗಿನಕಾಯಿ, ಹಸಿರು ರವಿಕೆ ಕಣ ಎಲ್ಲ ಚೀಲಕ್ಕೆ ತುಂಬಿದೆ. ಯಾರಾದರೂ ಹಾಕಲಿ. ಅಕ್ಕಿಯಾದರೂ ತವರಿನದ್ದಿರಲಿ.

ಏಪ್ರಿಲ್ 12, ಶನಿವಾರ

ರೈಲು ತಪ್ಪಿತು. ತನ್ವಿಯ ಮನೆಯಲ್ಲಿ, ಕೊವೆಂಟ್ರಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಹೋದ ಕೂಡಲೆ ಕೊನೆಯ ಕುರ್ಚಿ ಹಿಡಿದೆ. ಚೀಲ ತೊಡೆಯ ಮೇಲೆ. ಇವತ್ತೂ ಬಾಗಿಲ ಪಕ್ಕ, ಇವತ್ತೂ ಚಪ್ಪಲಿಗಳು. ತನ್ವಿಯನ್ನು ಮಣೆಯ ಮೇಲೆ ಕೂರಿಸಿದರು. ಹಸಿರು ಸೀರೆ, ಹಸಿರು ಬಳೆ. ಮುತ್ತೈದೆಯರು ಬನ್ನಿ ಎಂದರು. ಎದ್ದರು. ಒಬ್ಬರು, ಇಬ್ಬರು, ಮೂವರು, ನಾಲ್ವರು. ನಾನು ನೆಲ ನೋಡುತ್ತಾ ಕೂತೆ.

ಎದುರಿಗೆ ರೇಷ್ಮೆ ಸೀರೆಯ ಅಂಚು ಬಂದು ನಿಂತಿತು. ತಲೆಯೆತ್ತಿದೆ. ಶಾರದಮ್ಮ. ಕೊರಳಲ್ಲಿ ಚಿನ್ನದ ತಾಳಿ, ಪಕ್ಕದಲ್ಲೇ ಮಾಸಿದ ಹಳದಿ ದಾರ. ಇನ್ನೂ ತೆಗೆದಿಲ್ಲ.

"ಏನ್ರೀ ಇದು, ಇಲ್ಲಿ ಕೂತ್ರೆ ಹೇಗೆ?"

"ಯಾಕೆ? ಜಾಗ ಗೊತ್ತುಂಟು ನನಗೆ," ಎಂದೆ. ಜೋರಾಗಿಯೇ ಎಂದೆ. ನಾಲ್ಕು ಜನ ತಿರುಗಿ ನೋಡಿದರು. ಕೇಳಲಿ.

ಅವರ ಮುಖ ಕೆಂಪಾಯಿತು. ಆದರೂ ಹೋಗಲಿಲ್ಲ. "ಅಲ್ಲಿ ನಾಲ್ಕೇ ಜನ ಇದ್ದಾರೆ. ಐದು ಬೇಕು."

"ಇಷ್ಟು ಜನ ಬಂದಿದ್ದಾರಲ್ಲ, ಕರೀರಿ ಯಾರನ್ನಾದ್ರೂ."

"ನಾನು ಕರೆದಿರೋದೇ ನಾಲ್ಕು ಜನಾನ," ಎಂದರು. ಮತ್ತೆ ಮೆಲ್ಲಗೆ, "ಅವತ್ತು ನಾನು ಮಾಡಿದ್ದು ತಪ್ಪು ಚಿತ್ರಾಕ್ಷಿಯವ್ರೇ. ಏಳಿ."

ನಾನು ಏಳಲಿಲ್ಲ. ಕೂತೇ ಇದ್ದೆ. ಅವರು ನಿಂತೇ ಇದ್ದರು, ಮೊಣಕಾಲು ನೋವಿನವರು, ಚಪ್ಪಲಿಗಳ ಪಕ್ಕದಲ್ಲಿ, ಎಲ್ಲರ ಕಣ್ಣೆದುರು. ಹದಿನಾಲ್ಕು ತಿಂಗಳಿಗೆ ಎರಡು ನಿಮಿಷ. ಪೂರ್ತಿ ಎರಡು ನಿಮಿಷ ನಿಲ್ಲಿಸಿದೆ. ಇನ್ನೂ ನಿಲ್ಲಿಸುತ್ತಿದ್ದೆ, ಅಷ್ಟರಲ್ಲಿ ಮಣೆಯ ಕಡೆ ನೋಡಿದೆ.

ತನ್ವಿ ಸೆರಗು ಒಡ್ಡಿ ಕೂತಿದ್ದಳು. ಆ ನಾಲ್ವರಲ್ಲಿ ಒಬ್ಬರು ಅಕ್ಕಿ ಹಿಡಿದು ಬಾಗಿದರೆ ಸೆರಗನ್ನು ಎದೆಗೆ ಎಳೆದುಕೊಂಡು, "ಇಲ್ಲ ಆಂಟಿ, ಅಮ್ಮ ಫಸ್ಟ್," ಎನ್ನುತ್ತಿದ್ದಳು. ಈ ಸಲ ತಲೆ ತಗ್ಗಿಸಿರಲಿಲ್ಲ. ನೇರ ನನ್ನನ್ನೇ ನೋಡುತ್ತಿದ್ದಳು.

ಚೀಲ ಎತ್ತಿಕೊಂಡು ಹೋದೆ. ಮೊದಲ ಹಿಡಿ ಅಕ್ಕಿ ನಾನೇ ಹಾಕಿದೆ.